‘ಅದು’ ಅಲ್ಲ ಸರ್

“ಸರ್, ಅದು ವ್ಯಾಕರಣದ ಪುಸ್ತಕ,” ಎಂದರು ಟೀಚರ್.

“ಯಾವ ಕರಣವಾದ್ರೂ ಆಗ್ಲಿ. ಆ ಪದ ಇದೆ ತಾನೇ?” ಎಂದು ಶಾಲಾ ಸಮಿತಿಯ ಅಧ್ಯಕ್ಷರು ಕಪ್ಪು ಮಾರ್ಕರಿನ ಮುಚ್ಚಳ ತೆಗೆದರು.

ಆ ಪದ ಅಂದರೆ ‘ಲಿಂಗ’. ಅದನ್ನು ಓದಿದರೆ ಮಕ್ಕಳು ಕೆಟ್ಟುಹೋಗುತ್ತಾರೆಂದು ಅವರ ಪಕ್ಷದವರು ಬೀದಿಯಲ್ಲಿ ಕೂಗಾಡಿ, ಮೇಲಿಂದ ಆರ್ಡರ್ ತರಿಸಿದ್ದರು. ಹುಡುಗ ಹುಡುಗಿಯರ ಮೈ ಹೇಗೆ ಬೆಳೆಯುತ್ತದೆ ಎಂಬ ವಿಜ್ಞಾನದ ಪಾಠ ನಿನ್ನೆಯೇ ಮಸಿಯಾಗಿತ್ತು. ಇವತ್ತು ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗಗಳ ಸರದಿ. ಅವನು, ಅವಳು, ಅದು ಎಂದು ಹೇಳಿಕೊಡುವ ಬಡಪಾಯಿ ಪಾಠ. ಮಹಾನುಭಾವರು ಒಂದು ಸಾಲನ್ನೂ ಓದಲಿಲ್ಲ, ಬಳಿದದ್ದೇ ಬಳಿದದ್ದು.

ಐದನೇ ಕ್ಲಾಸಿನ ಚಿನಕುರಳಿಗೆ ನಗು ತಡೆಯಲಾಗಲಿಲ್ಲ. ಬಾಯಿ ಸುಮ್ಮನಿರದ್ದಕ್ಕೆ ಟೀಚರೇ ಇಟ್ಟ ಹೆಸರು ಅದು. ಅಷ್ಟರಲ್ಲಿ ಬಾಗಿಲಲ್ಲಿ ಅಕ್ಕ ಕಾಣಿಸಿದಳು. ನಗು ಅಲ್ಲೇ ನಿಂತಿತು.

ಚಿನಕುರಳಿ ಮರೆತು ಬಂದಿದ್ದ ಊಟದ ಡಬ್ಬಿ ಅಕ್ಕನ ಕೈಯಲ್ಲಿತ್ತು. ಹೊಲಿಗೆ ಮಷೀನ್ ಬಿಟ್ಟು ಓಡಿಬಂದಿದ್ದಳು, ಕುತ್ತಿಗೆಯಲ್ಲಿ ಅಳತೆ ಟೇಪು ಇನ್ನೂ ನೇತಾಡುತ್ತಿತ್ತು. ಎರಡು ವರ್ಷದ ಹಿಂದಿನವರೆಗೂ ಮನೆಯಲ್ಲಿ ಅವಳನ್ನು ಅಣ್ಣ ಎನ್ನುತ್ತಿದ್ದರು. ತಾನು ಹುಡುಗಿ ಎಂದು ಅವಳು ಹೇಳಿದಾಗ ಅಮ್ಮ ತುಂಬಾ ಅತ್ತಳು, ಆಮೇಲೆ ತನ್ನ ಓಲೆಯನ್ನೇ ಬಿಚ್ಚಿಕೊಟ್ಟಳು.

ಮನೆಯಲ್ಲಿ ಅಕ್ಕಾ ಅಕ್ಕಾ ಎಂದು ಜೋತುಬೀಳುವ ಚಿನಕುರಳಿ ಕ್ಲಾಸಿನಲ್ಲಿ ಮಾತ್ರ ಬಲು ಜಾಣೆ. ಯಾರಾದರೂ ಕೇಳಿದರೆ, “ನಮ್ಮ ಕಡೆಯವರು, ಟೈಲರ್. ಅವರು ಚೆನ್ನಾಗಿ ಹೊಲೀತಾರೆ,” ಎಂದು ಜಾರಿಕೊಳ್ಳುತ್ತಿದ್ದಳು. ‘ಅವರು’ ಎಂದರೆ ಹೆಣ್ಣೋ ಗಂಡೋ ಯಾರಿಗೂ ಗೊತ್ತಾಗುವುದಿಲ್ಲ.

ಅಧ್ಯಕ್ಷರು ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮೂಗು ಮುರಿದರು.

“ಅದು ಯಾಕೆ ಬಂತು ಇಲ್ಲಿಗೆ?”

ಅಕ್ಕ ಡಬ್ಬಿಯನ್ನು ಬಾಗಿಲ ಬಳಿ ಇಟ್ಟು ತಿರುಗಿ ನಡೆದಳು. ಚಿನಕುರಳಿಗೆ ಮೈಯೆಲ್ಲಾ ಉರಿದುಹೋಯಿತು. ಎದ್ದು ನಿಂತಳು.

“ಸರ್, ‘ಅದು’ ಅಂದ್ರೆ ನಪುಂಸಕಲಿಂಗ. ಬೆಂಚು, ಡಸ್ಟರ್‌ಗೆಲ್ಲ ಹೇಳೋದು.”

“ಏಯ್, ಆ ಪದ ಬಾಯಲ್ಲಿ ಬರಕೂಡದು.”

“ಪಾಠ ನೀವೇ ಅಳಿಸಿಬಿಟ್ರಲ್ಲ ಸರ್. ಅದಕ್ಕೇ ನಿಮಗೆ ತಪ್ಪಾಯ್ತು.”

ಇಡೀ ಕ್ಲಾಸು ಕಿಸಕ್ಕೆಂದಿತು. ಟೀಚರ್ ಬೋರ್ಡಿನ ಕಡೆ ತಿರುಗಿ ಸುಮ್ಮಸುಮ್ಮನೆ ಕೆಮ್ಮಿದರು. ಅಧ್ಯಕ್ಷರು ಮುಚ್ಚಳ ಹಾಕದೆಯೇ ಮಾರ್ಕರನ್ನು ಜೇಬಿಗೆ ತುರುಕಿದರು. ಮಸಿ ಅವರ ಬಿಳಿ ಅಂಗಿಗೇ ಮೆತ್ತಿಕೊಂಡಿತು.

ಪಕ್ಕದ ಹುಡುಗಿ ಪಿಸುಗುಟ್ಟಿದಳು, “ಯಾರೇ ಡಬ್ಬಿ ತಂದಿದ್ದು?”

‘ನಮ್ಮ ಕಡೆಯವರು’ ಎಂಬ ಮಾತು ನಾಲಿಗೆ ತುದಿಗೆ ಬಂದೇಬಿಟ್ಟಿತು. ಹೊರಗೆ ಅಕ್ಕ ತಲೆ ತಗ್ಗಿಸಿಕೊಂಡು ಗೇಟು ದಾಟುತ್ತಿದ್ದಳು. ಇಷ್ಟು ದಿನ ತಾನೂ ‘ಅಕ್ಕ’ ಎಂಬ ಪದಕ್ಕೆ ಮಸಿ ಬಳಿದದ್ದೇ ಅಲ್ಲವೇ ಎನಿಸಿ ಚಿನಕುರಳಿಗೆ ನಾಚಿಕೆಯಾಯಿತು.

ಅವಳು ಕಿಟಕಿಗೆ ಓಡಿ, ಇಡೀ ಕ್ಲಾಸಿಗೆ ಕೇಳುವಂತೆ ಕೂಗಿದಳು.

“ಅಕ್ಕಾ, ಸಂಜೆ ಕರ್ಕೊಂಡು ಹೋಗೋಕೆ ನೀನೇ ಬಾ.”