ನಲವತ್ತೊಂದು ಹೆಬ್ಬೆಟ್ಟು

ತೆರಿಗೆ ಇಲಾಖೆಯಿಂದ ಬಂದ ಪತ್ರ ಎರಡು ಪುಟ ಇತ್ತು. ಗಂಗಾಂಬಿಕೆಯ ಮನಸ್ಸಿಗೆ ನಾಟಿದ್ದು ಅದರ ಒಂದೇ ವಾಕ್ಯ: 'ಸಂಶೋಧನೆ ನಡೆದಿದೆ ಎನ್ನುವುದಕ್ಕೆ ಆಯಾ ದಿನವೇ ಬರೆದಿಟ್ಟ ದಾಖಲೆ ಇಲ್ಲ.' ಸಂಡೂರು ರಸ್ತೆಯ ಬದಿಯ ತನ್ನ ಬಣ್ಣದ ಶೆಡ್ಡಿನ ಬಾಗಿಲಲ್ಲಿ ನಿಂತು ಅದನ್ನು ಮೂರು ಸಲ ಓದಿದಳು. ಒಳಗೆ ತಾಯಕ್ಕ ಹಂಡೆಯಲ್ಲಿ ಕೋಲಾಡಿಸುತ್ತಿದ್ದಳು. ನಡೆದೇ ಇಲ್ಲವೆಂದು ಇಲಾಖೆ ಹೇಳಿದ ಸಂಶೋಧನೆ ಆ ಹಂಡೆಯಲ್ಲಿ ಕೆಂಪಗೆ ಕುದಿಯುತ್ತಿತ್ತು.

ತಾಯಕ್ಕ ಮೊದಲು ಗಣಿಯಲ್ಲಿ ಅದಿರು ಜರಡಿ ಹಿಡಿಯುತ್ತಿದ್ದವಳು. ಅದಿರಿನ ದೂಳಿನಿಂದ ಬಟ್ಟೆಗೆ ಬಣ್ಣ ಹಾಕಬಹುದು ಎಂಬುದು ಅವಳ ಯೋಚನೆ. ಬೇಡವೆಂದರೂ ಊರಿನ ಪ್ರತಿ ಅಂಗಿಗೆ ಹತ್ತುವ ಆ ದೂಳು, ಬೇಕೆಂದು ಹಚ್ಚಿದಾಗ ನಿಲ್ಲಲಿಲ್ಲ. ಉಪ್ಪು, ಗೋಂದು, ಹುಣಸೆ, ಬೆಲ್ಲ ಎಲ್ಲ ಇಬ್ಬರೂ ಸೇರಿ ಹಾಕಿ ನೋಡಿದರು. ಮೂರು ವರ್ಷ, ನಲವತ್ತು ಹಂಡೆ. ನಲವತ್ತೊಂದನೆಯದಕ್ಕೆ, ಕಂಪ್ಲಿಯ ತೋಟದಿಂದ ತಂದ ಬಾಳೆದಿಂಡಿನ ರಸ ಸೇರಿಸಿದಾಗ, ಕೆಂಪು ಬಟ್ಟೆಯನ್ನು ಹಿಡಿದುಕೊಂಡಿತು. ಕಲ್ಲಿನ ಮೇಲೆ ಬಡಿದರೂ ಬಿಡಲಿಲ್ಲ. ಆ ಕೆಂಪಿನಲ್ಲಿ ಹಂಪಿಯ ಕಂಬಗಳ ಬಳ್ಳಿ, ಆನೆಗಳನ್ನು ಅಚ್ಚೊತ್ತಿದ ಬಟ್ಟೆ ಹಂಪಿಯಲ್ಲಿ ಮಾರಾಟಕ್ಕಿಟ್ಟ ವಾರದಲ್ಲೇ ಖಾಲಿಯಾಯಿತು. ಎರಡು ದೊಡ್ಡ ಆರ್ಡರ್ ಬಂದವು. ಅದರ ಹಿಂದೆಯೇ ತೆರಿಗೆಯೂ ಬಂತು.

ಕಲೆ, ವಿನ್ಯಾಸದ ಉದ್ದಿಮೆ ಹೊಸದೇನನ್ನಾದರೂ ಕಂಡುಹಿಡಿದಿದ್ದರೆ, ಅದಕ್ಕೆ ಮಾಡಿದ ಖರ್ಚಿನ ಒಂದೂವರೆ ಪಟ್ಟನ್ನು ಆದಾಯದಲ್ಲಿ ಕಳೆದು ತೆರಿಗೆ ಹಾಕುವ ರಿಯಾಯಿತಿ ಇತ್ತು. ಗಂಗಾಂಬಿಕೆ ಅರ್ಜಿ ಹಾಕಿದಳು. ಅದೇ ಬಣ್ಣಕ್ಕೆ, ಅದೇ ರಿಯಾಯಿತಿಗೆ, ಹೊಸಪೇಟೆಯ ಸಿದ್ದಲಿಂಗೇಶನೂ ಅರ್ಜಿ ಹಾಕಿದ್ದ. ಅವನಿಗೆ ಅರವತ್ತು ಅದಿರು ಲಾರಿಗಳಿದ್ದವು. ಆ ವರ್ಷ ಡಿಸೈನ್ ಸ್ಟುಡಿಯೊ ಒಂದನ್ನೂ ತೆರೆದಿದ್ದ. ಮಾರ್ಚಿನಲ್ಲಿ ಅವನ ಆಳು ಹಂಪಿಯಲ್ಲಿ ನಾಲ್ಕು ಮೀಟರು ಕೆಂಪು ಬಟ್ಟೆ ಕೊಂಡಿದ್ದ. ಏಪ್ರಿಲಿಗೆ ಅವನ ಬಳಿ ಎರಡು ವರ್ಷದ ಪ್ರಯೋಗದ ಕಡತ ತಯಾರಾಗಿತ್ತು, ಕಂಪ್ಯೂಟರಿನಲ್ಲಿ ಮುದ್ರಿಸಿ, ಸುರುಳಿ ತಂತಿ ಹಾಕಿ.

ಪತ್ರ ಬಂದ ಮರುದಿನ ಅವನೇ ಶೆಡ್ಡಿಗೆ ಬಂದ. ಕಾರಿನಿಂದ ಇಳಿಯಲಿಲ್ಲ.

"ಸುಮ್ನ ಯಾಕ ಒದ್ದಾಡ್ತೀರಿ ಮೇಡಂ. ಅಂಗಡಿ ಮುಚ್ರಿ. ನಿಮ್ಮ ಮುದುಕಿನ ನಮ್ಮಲ್ಲಿಗೆ ಕಳಸ್ರಿ, ಕೂಲಿ ಹತ್ತು ರೂಪಾಯಿ ಹೆಚ್ಚಿಗಿ ಕೊಡ್ತೀನಿ. ಬಣ್ಣ ಹಾಕೋದು ಚಲೋ ಕಲ್ತಾಳ."

ಕಾರು ಹೋದ ಮೇಲೆ ಗಂಗಾಂಬಿಕೆ ಇಲಾಖೆಯ ಪತ್ರವನ್ನು ಮತ್ತೆ ತೆಗೆದಳು. ಕಂಡುಹಿಡಿದವಳನ್ನೇ ಅವನು 'ಕಲ್ತಾಳ' ಅಂದಿದ್ದ. ಗುಡ್ಡವನ್ನು ಕೇಳದೆ ಒಯ್ದವರು ಈಗ ಗುಡ್ಡದ ಬಣ್ಣವನ್ನೂ ಒಯ್ಯಲು ಬಂದಿದ್ದರು. ಸಂಜೆಯ ಹೊತ್ತಿಗೆ ಅವಳು ತೀರ್ಮಾನಿಸಿದ್ದಳು. ಇಲಾಖೆಗೆ ಬೇಕಾಗಿರುವುದು ಆಯಾ ದಿನದ ದಾಖಲೆ. ಸರಿ, ಆಯಾ ದಿನದ ದಾಖಲೆ ಸಿಗುತ್ತದೆ. ಅವನು ಸುಳ್ಳಿಗೆ ಸುಳ್ಳು ಕಾಗದ ಮಾಡಿದ್ದಾನೆ. ನಾನು ನಿಜಕ್ಕೆ ಮಾಡುತ್ತೇನೆ. ಇದು ಅಪರಾಧವೆಂದು ಅವಳಿಗೆ ಗೊತ್ತಿತ್ತು. ನಾಚಿಕೆ ಮಾತ್ರ ಆಗಲಿಲ್ಲ.

ಅದಕ್ಕೆ ತನ್ನಷ್ಟು ತಕ್ಕವರು ಜಿಲ್ಲೆಯಲ್ಲಿ ಇಲ್ಲ ಎಂಬ ನಂಬಿಕೆಯೂ ಇತ್ತು. ಇತಿಹಾಸದ ಎಂ.ಎ.ಗೆ ಅವಳು ಬರೆದ ಪ್ರಬಂಧ ಖೋಟಾ ತಾಮ್ರಪಟಗಳ ಮೇಲೆ. ಭೂಮಿಯ ಆಸೆಗೆ ಹಳೆಯ ರಾಜರ ಹೆಸರಿನಲ್ಲಿ ಶಾಸನ ಕೆತ್ತಿಸಿದವರು ಎಲ್ಲೆಲ್ಲಿ ಸಿಕ್ಕಿಬಿದ್ದರು ಎಂಬುದು ಅವಳಿಗೆ ಬಾಯಿಪಾಠ. ಒಬ್ಬ ತಿಥಿಗೆ ವಾರ ತಪ್ಪಿದ್ದ. ಒಬ್ಬ ಆಮೇಲಿನ ಕಾಲದ ಅಕ್ಷರ ಕೆತ್ತಿದ್ದ. ಇನ್ನೊಬ್ಬನ ಶಾಸನದಲ್ಲಿ ಒಂದೂ ತಪ್ಪಿರಲಿಲ್ಲ, ಅದಕ್ಕೇ ಸಂಶಯ ಬಂದಿತ್ತು. ಆ ಮೂರು ತಪ್ಪುಗಳನ್ನೂ ತಾನು ಮಾಡುವುದಿಲ್ಲ.

ಮೊದಲು ಕಾಗದ. ಚಿತ್ತವಾಡ್ಗಿಯ ಜಂಬಮ್ಮನ ಅಂಗಡಿಯ ಅಟ್ಟದ ಮೇಲೆ ಮಾರದೆ ಉಳಿದ ನೋಟುಬುಕ್ಕುಗಳಿದ್ದವು. ಮೂರು ವರ್ಷದ ಅಂದಾಜಿಗೆ, ಹಿಂದಿನ ರಟ್ಟಿನ ಮೇಲೆ 2006ರ ಕ್ಯಾಲೆಂಡರ್ ಮುದ್ರಿಸಿದ್ದ ಮೂರನ್ನು ಆರಿಸಿಕೊಂಡಳು. "ಇಲಿ ಕಡದಾವವ್ವ, ಹೊಸಾವು ಕೊಡ್ತೀನಿ ತಡಿ" ಎಂದು ಜಂಬಮ್ಮ ಅಂದಳು. "ಇಲಿ ಕಡದಿದ್ದು ಚಲೋ ಆತು" ಎಂದು ಇವಳು ದುಡ್ಡು ಕೊಟ್ಟು ಬಂದಳು.

ಆಮೇಲೆ ದಿನಗಳು. ತಾಯಕ್ಕನನ್ನು ಮುಂದೆ ಕೂರಿಸಿಕೊಂಡಳು. ತಾಯಕ್ಕನೇ ಮೊದಲು ಕೇಳಿದಳು.

"ಸುಳ್ಳು ಬರೀತಿಯೇನ ಗಂಗವ್ವ?"

"ಸುಳ್ಳಲ್ಲ. ಆಗಿದ್ದನ್ನ ಬರೀತೀನಿ. ಒಂದೀಟು ತಡ ಆಗೇತಿ, ಅಷ್ಟ."

"ತಡ ಆದ್ರ ಆತು ಬಿಡು. ನಾ ಹುಟ್ಟಿದ್ದನ್ನ ನಮ್ಮವ್ವ ಇನ್ನಾ ಬರಸಿಲ್ಲ."

"ಮೊದಲ್ನೇ ಹಂಡೆ ಯಾವತ್ತು ಇಟ್ಟಿದ್ವಿ?"

"ಬಾಬಾಸಾಹೇಬರ ಜಯಂತಿ ದಿನ. ಗಣಿಗೆ ರಜಾ ಇತ್ತಲ್ಲ."

"ಯಾವ ವರ್ಷ?"

"ಸಂಡೂರ ಗುಡ್ಡದ ತಿರುವಿನ್ಯಾಗ ಲಾರಿ ಉಳ್ಳಿ ಬಿತ್ತಲ್ಲ, ಆ ವರ್ಷ."

"ಅದು ದಿನಾ ಬೀಳ್ತೈತಿ."

"ಹಂಗಾರ ನನ್ನ ಮೊಮ್ಮಗಳು ಹುಟ್ಟಿದ ವರ್ಷ ಅಂತ ಬರಕೋ."

ಮೊಮ್ಮಗಳ ಜನನ ಪತ್ರ ನೋಡಿದಳು. 2006. ಏಪ್ರಿಲ್ ಹದಿನಾಲ್ಕು ಶುಕ್ರವಾರ. ಹೀಗೆ ಒಂದೊಂದೇ ಹಂಡೆಯನ್ನು ಮದುವೆ, ಸಾವು, ಕಾಲುವೆಯ ನೀರು, ಬಸ್ಸಿನ ಮುಷ್ಕರಗಳಿಗೆ ಕಟ್ಟಿ, ವಾರ ತಾಳೆ ನೋಡಿ ಬರೆದಳು. ನಲವತ್ತೊಂದನೆಯದು ಶಿವರಾತ್ರಿಯ ಹಿಂದಿನ ದಿನ, 2009ರ ಫೆಬ್ರವರಿ ಇಪ್ಪತ್ತೆರಡು, ಭಾನುವಾರ.

ಅವಳಿಗೆ ಹೆಚ್ಚು ಹೆಮ್ಮೆ ತಂದದ್ದು ಸೋಲುಗಳು. ಖೋಟಾ ಮಾಡುವವನು ಗೆಲುವನ್ನಷ್ಟೇ ಬರೆಯುತ್ತಾನೆ. ಅವಳು ನಲವತ್ತು ಸೋಲುಗಳನ್ನು ಇದ್ದದ್ದು ಇದ್ದ ಹಾಗೆ ಬರೆದಳು. 'ಮೊದಲ ತೊಳೆತಕ್ಕೇ ಬಣ್ಣ ಪೂರ್ತಿ ಬಿಟ್ಟಿತು.' 'ಒದ್ದೆ ಬೆರಳು ತಾಗಿಸಿದರೂ ಹೋಗುತ್ತದೆ.' 'ಬೆಲ್ಲಕ್ಕೆ ಇರುವೆ ಹತ್ತಿ ಬಟ್ಟೆ ತೂತಾಯಿತು. ಬಣ್ಣವೂ ನಿಲ್ಲಲಿಲ್ಲ.' ಮೊದಲ ಪುಸ್ತಕಕ್ಕೆ ಶಾಯಿ ಪೆನ್ನು, ಉಳಿದವಕ್ಕೆ ಬೇರೆ ಬೇರೆ ಬಾಲ್ ಪೆನ್ನು. ಎರಡು ಕಡೆ ಸಿಟ್ಟಿನಿಂದ ಗೀಚಿ ಹೊಡೆದು ಹಾಕಿದಳು. ಬರೆಯುತ್ತ ಹೋದ ಹಾಗೆ ಆ ಮೂರು ವರ್ಷ ಮತ್ತೆ ನಡೆಯುತ್ತಿರುವ ಹಾಗಿತ್ತು. ಆಗ ಬರೆಯಲಿಲ್ಲ ಏಕೆ? ಕೈ ಕೆಂಪಾಗಿತ್ತು, ಅದಕ್ಕೆ. ಕೆಲಸ ಮಾಡುವವರ ಕೈ ಖಾಲಿ ಇರುವುದಿಲ್ಲ ಎಂಬುದನ್ನು ನಿಯಮ ಬರೆದವರು ಎಂದೂ ಯೋಚಿಸಿರಲಿಕ್ಕಿಲ್ಲ.

ಪ್ರತಿ ಪ್ರಯೋಗದ ಕೆಳಗೆ ಅದನ್ನು ಮಾಡಿದವರ ಸಹಿ ಬೇಕಿತ್ತು. ತಾಯಕ್ಕನಿಗೆ ಓದು ಬರಹ ಬಾರದು. ನೇರಳೆ ಶಾಯಿಯ ಪ್ಯಾಡು ತಂದಿದ್ದ ಗಂಗಾಂಬಿಕೆ, ಮುಚ್ಚಳ ತೆಗೆದವಳು ಹಾಗೇ ಮುಚ್ಚಿದಳು. ಹೊಸ ಪ್ಯಾಡಿನ ಹೊಸ ಶಾಯಿ. ನಾಳೆ ಯಾರಾದರೂ ಪರೀಕ್ಷೆಗೆ ಕಳಿಸಿದರೆ? ಅಲ್ಲದೆ, ಬೆಳಗಿನಿಂದ ಸಂಜೆಯ ತನಕ ಕೈ ಕೆಂಪಾಗಿರುವ ಹೆಂಗಸು ಹೆಬ್ಬೆಟ್ಟೊತ್ತಲು ನೇರಳೆ ಪ್ಯಾಡು ಹುಡುಕುತ್ತಾಳೆಯೇ? ಬಣ್ಣದ ಶೆಡ್ಡಿನಲ್ಲಿ ಹಂಡೆಯೇ ಪ್ಯಾಡು. ಗುಡ್ಡದ ಮಣ್ಣಿಗೆ ವಯಸ್ಸೂ ಇಲ್ಲ. 2006ರ ಕೆಂಪೂ ಇವತ್ತಿನ ಕೆಂಪೂ ಒಂದೇ. ಈ ವಿವರ ಹೊಳೆದಾಗ ಅವಳು ಒಬ್ಬಳೇ ನಕ್ಕಳು.

ತಾಯಕ್ಕ ಹಂಡೆಯ ಅಂಚಿಗೆ ಹೆಬ್ಬೆಟ್ಟು ಒರೆಸಿ ಒರೆಸಿ ನಲವತ್ತೊಂದು ಸಲ ಒತ್ತಿದಳು. ಪುಟಗಳಲ್ಲಿ ಏನು ಬರೆದಿದೆ ಎಂದು ಅವಳು ಕೇಳಲಿಲ್ಲ. ಗಂಗಾಂಬಿಕೆಯೂ ಓದಿ ಹೇಳಲಿಲ್ಲ. ಅವರಿಬ್ಬರ ನಡುವೆ ಅಂಥ ಮೌನಗಳು ಬಹಳ ಇದ್ದವು, ಎಲ್ಲವೂ ನಂಬಿಕೆಯವು.

ಕೊನೆಗೆ ಮೂರೂ ಪುಸ್ತಕಗಳನ್ನು ಗೇಟಿನ ಪಕ್ಕದ ಗೂಡಿನಲ್ಲಿ ತೆರೆದಿಟ್ಟಳು. ನಿಮಿಷಕ್ಕೊಂದು ಅದಿರು ಲಾರಿ ಹೋಗುವ ರಸ್ತೆ ಅದು. ಒಂಬತ್ತು ದಿನಕ್ಕೆ ಹಾಳೆಗಳ ಅಂಚು ಮೂರು ವರ್ಷದಷ್ಟು ಕೆಂಪಾಯಿತು. ಆ ಲಾರಿಗಳಲ್ಲಿ ಅರ್ಧ ಸಿದ್ದಲಿಂಗೇಶನವು. ಗಂಗಾಂಬಿಕೆಯ ಪುಸ್ತಕಗಳ ಮೇಲೆ ಅವನೇ ವಯಸ್ಸು ಸುರಿಯುತ್ತಿದ್ದ.

ಪರಿಶೀಲನೆಗೆ ಬಂದ ಅಧಿಕಾರಿಯ ಹೆಸರು ಪಕ್ಕೀರಪ್ಪ. ನಿವೃತ್ತಿಗೆ ಹತ್ತಿರವಾದ ಮನುಷ್ಯ, ಕಂಪ್ಲಿಯ ಕಡೆಯವರು. ಮರದ ಸ್ಟೂಲಿನ ಮೇಲೆ ಕೂತು ಒಂದೂವರೆ ತಾಸು ಓದಿದರು. ಜೇಬಿನಿಂದ ಚೀಟಿ ತೆಗೆದು ವಾರಗಳನ್ನು ತಾಳೆ ಹಾಕಿದರು. ರಟ್ಟಿನ ಕ್ಯಾಲೆಂಡರನ್ನು ತಿರುಗಿಸಿ ನೋಡಿದರು. ಅಂಚಿನ ಮೇಲೆ ಬೆರಳಾಡಿಸಿ ದೂಳನ್ನು ನೋಡಿದರು. ಗಂಗಾಂಬಿಕೆ ಎದುರಿನ ಗೋಡೆಗೆ ಒರಗಿ ನಿಂತಿದ್ದಳು. ಅವರು ಎಲ್ಲೆಲ್ಲಿ ನಿಲ್ಲುತ್ತಾರೆಂದು ಎಣಿಸಿದ್ದಳೋ ಅಲ್ಲಲ್ಲೇ ನಿಂತರು, ಅಲ್ಲಿಂದ ಮುಂದೆ ಹೋದರು. ಇರುವೆಯ ಪುಟಕ್ಕೆ ಬಂದಾಗ ಅವರ ಹೊಟ್ಟೆ ನಗುವಿಗೆ ಕುಣಿಯಿತು.

"ನಿನ್ನೆ ಆ ಸಿದ್ದಲಿಂಗೇಶನ ಸ್ಟುಡಿಯೋಕ್ಕ ಹೋಗಿದ್ದೆ," ಎಂದರು. "ಅಲ್ಲಿ ಎಲ್ಲಾ ಪ್ರಯೋಗ ಮೊದಲ್ನೇ ಸಲಕ್ಕೇ ಪಾಸ್ ಆಗ್ಯಾವ. ನಾ ಪಿಯುಸಿ ಎರಡು ಸಲ ಕಟ್ಟಿದಾವ. ನನಗ ನಂಬಿಕಿ ಬರಲಿಲ್ಲ."

ಪಕ್ಕೀರಪ್ಪ ತಮ್ಮ ವರದಿಯ ಹಾಳೆಯನ್ನು ಮೊಣಕಾಲಿನ ಮೇಲೆ ಹರವಿಕೊಂಡು ಪೆನ್ನಿನ ಟೋಪಿ ತೆಗೆದರು. "ಇದು ನಿಮ್ಮದ ಅಂತ ಬರೀತೀನಿ," ಎಂದರು. ಹೊರಗೆ ಲಾರಿಗಳು ಹೋಗುತ್ತಲೇ ಇದ್ದವು. ಗಂಗಾಂಬಿಕೆಗೆ ಆ ಸದ್ದು ಮೊದಲ ಸಲ ದೂರದ್ದು ಅನ್ನಿಸಿತು. ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕೆಂದು ಅವಳು ತಾಯಕ್ಕನಿಗೆ ಹೇಳಿಟ್ಟಿದ್ದಳು. ನೀರಿನ ಲೋಟ ತಂದಿಟ್ಟ ತಾಯಕ್ಕ, ಹಾಗೆಯೇ, ತುಟಿ ಬಿಗಿದು ನಿಂತಿದ್ದಳು.

"ಏನವ್ವ," ಪಕ್ಕೀರಪ್ಪ ಬರೆಯುತ್ತಲೇ ಕೇಳಿದರು, ಮಾತಿಗೆಂದು, ಪ್ರೀತಿಯಿಂದ. "ಈ ಬಣ್ಣ ಖರೇನ ಹೋಗಂಗಿಲ್ಲೇನು?"

ಕೇಳಿದ್ದಕ್ಕೆ ಉತ್ತರ ಕೊಡಲೇಬೇಕಿತ್ತು. "ಹೋಗಂಗಿಲ್ಲ ಸಾಹೇಬ್ರ. ಬೇಕಾರ ನೋಡ್ರಿ," ಎಂದು ತಾಯಕ್ಕ ಬಗ್ಗಿ, ಲೋಟದಲ್ಲಿ ಬೆರಳು ಅದ್ದಿ, ತೆರೆದಿದ್ದ ಮೊದಲ ಪುಸ್ತಕದ ಮೊದಲ ಪುಟದ ಹೆಬ್ಬೆಟ್ಟಿನ ಮೇಲೆ ಗಸಗಸನೆ ತಿಕ್ಕಿದಳು. ಪಕ್ಕದ ಅಕ್ಷರಗಳು ನೀಲಿಯಾಗಿ ಹರಡಿಕೊಂಡವು. ಹೆಬ್ಬೆಟ್ಟು ಹಾಗೇ ಇತ್ತು, ಒಂದು ಗೆರೆ ಕೂಡ ಅಲುಗದೆ. ಪಕ್ಕೀರಪ್ಪ ನಗುತ್ತ ತಲೆಯಾಡಿಸಿದರು. ಆಮೇಲೆ ಅವರ ಕಣ್ಣು ಹೆಬ್ಬೆಟ್ಟಿನ ಮೇಲಿನ ಸಾಲಿಗೆ ಹೋಯಿತು: 14 ಏಪ್ರಿಲ್ 2006, ಶುಕ್ರವಾರ, ಒದ್ದೆ ಬೆರಳು ತಾಗಿಸಿದರೂ ಹೋಗುತ್ತದೆ. ಪೆನ್ನು ನಿಂತಿತು. ಅವರು ತಮ್ಮದೇ ಬೆರಳನ್ನು ಲೋಟದಲ್ಲಿ ಅದ್ದಿ ಎರಡನೆಯ ಪುಟ ತಿಕ್ಕಿದರು. ಮೂರನೆಯದು. ಹನ್ನೊಂದನೆಯದು. ಇರುವೆಯದು. ಗೋಡೆಗೆ ಒರಗಿದ್ದ ಗಂಗಾಂಬಿಕೆಯ ಕಡೆ ಒಮ್ಮೆಯೂ ತಲೆಯೆತ್ತಿ ನೋಡಲಿಲ್ಲ. ಪುಟದಿಂದ ಪುಟಕ್ಕೆ ತಾಯಕ್ಕನ ಮುಖ ಅರಳುತ್ತ ಹೋಯಿತು. "ತಿಕ್ರಿ ಸಾಹೇಬ್ರ, ಎಲ್ಲಾ ತಿಕ್ರಿ," ಎಂದಳು. "ಒಂದರ ಬಿಟ್ಟೈತೇನ್ರಿ?"