ಸವಳಂಗ ರಸ್ತೆಯ ಸ್ವಾಗತ ಬ್ಯಾನರ್

ಸವಳಂಗ ರಸ್ತೆಯಲ್ಲಿ ಒಂದು ಸ್ವಾಗತ ಬ್ಯಾನರ್ ಕಟ್ಟಿದ್ದರಿಂದ ಭಾರತ ದೇಶದ ಭದ್ರತೆಗೆ ಧಕ್ಕೆ ಒದಗಿತು. ಹೀಗೆಂದು ಪೊಲೀಸರೇ ಹೇಳಿದ ಮೇಲೆ ನಗುವ ಧೈರ್ಯ ಯಾರಿಗಿದೆ? ಪುಟ್ಟಯ್ಯನಿಗಂತೂ ಇರಲಿಲ್ಲ. ಏಕೆಂದರೆ ಆ ಸುದ್ದಿ ತಂದ ಕಾನ್‌ಸ್ಟೆಬಲ್ ಧನಲಕ್ಷ್ಮಿ ಅಳುತ್ತಿದ್ದಳು.

ಅವಳು ಬಂದದ್ದು ರಾಗಿಗುಡ್ಡಕ್ಕೆ, ಗುಪ್ತಚರ ವಿಭಾಗದಿಂದ ನಿವೃತ್ತರಾದ ಶಿವಯೋಗಪ್ಪನವರ ಮನೆಗೆ. ಪಕ್ಕದ ಮನೆಯ ಪುಟ್ಟಯ್ಯ ಅವರ ಪತ್ತೇದಾರಿಕೆಗೆಲ್ಲ ಖಾಯಂ ಜೊತೆಗಾರ.

"ನಾಡಿದ್ದು ಭದ್ರಾವತಿ ಸಮಾರಂಭಕ್ಕೆ ದೆಹಲಿಯಿಂದ ದೊಡ್ಡವರು ಬರ್ತಾರಲ್ಲ ಸಾರ್, ಶಿವಮೊಗ್ಗದಲ್ಲಿ ಅವರ ಕಾರು ಸವಳಂಗ ರಸ್ತೇಲಿ ಹೋಗುತ್ತೆ ಅನ್ನೋದು ಗುಟ್ಟು. ಗೊತ್ತಿದ್ದದ್ದು ಇನ್‌ಸ್ಪೆಕ್ಟರ್ ಸಾಹೇಬ್ರಿಗೆ, ಟೈಪ್ ಮಾಡಿದ ನಂಗೆ. ಇವತ್ತು ಬೆಳಿಗ್ಗೆ ಪೇಂಟ್ ಅಂಗಡಿ ಜಂಬಣ್ಣ ಅದೇ ರಸ್ತೇಲಿ ಅವರಿಗೆ ಸ್ವಾಗತ ಅಂತ ಬ್ಯಾನರ್ ಕಟ್ಟಿದಾರೆ. ನಾನು ಬಾಡಿಗೆಗಿರೋದು ಅವರ ಮಹಡೀಲೇ. ಸಂಜೆಯೊಳಗೆ ನನ್ ಮೇಲೆ ಕೇಸ್ ಹಾಕ್ತಾರಂತೆ!"

"ನೀನು ಹೇಳಿದ್ಯಾ?" ಎಂದರು ಶಿವಯೋಗಪ್ಪ.

"ಕಾಗದನಗರದಲ್ಲಿರೋ ನಮ್ಮಮ್ಮಂಗೂ ಹೇಳಿಲ್ಲ ಸಾರ್."

ಮೂವರೂ ಆಟೋ ಹತ್ತಿದರು. ಸವಳಂಗ ರಸ್ತೆಯಲ್ಲಿ ಆಟೋ ಪ್ರಯಾಣವೆಂದರೆ ಪುಟ್ಟಯ್ಯನ ಸೊಂಟ ಕಳಚಿ ಕೈಗೆ ಬರುತ್ತಿತ್ತು. ಅಂದು ಮಾತ್ರ ಮದುಮಗನಂತೆ ಇಳಿದ.

"ಸೊಂಟಕ್ಕೆ ಹಚ್ಚಿದ ಹೊಸ ತೈಲ ಕಣ್ರೀ, ಭಾರಿ ಕೆಲಸ ಮಾಡ್ತು!"

ಶಿವಯೋಗಪ್ಪ ತಿರುಗಿ ರಸ್ತೆಯನ್ನೊಮ್ಮೆ ನೋಡಿದರು. "ಒಳ್ಳೆ ತೈಲ ಮಾರಾಯ," ಎಂದರು.

ಜಂಬಣ್ಣನ ಅಂಗಡಿಯೆದುರು ಇನ್‌ಸ್ಪೆಕ್ಟರ್ ರುದ್ರೇಶ್ ಕೆಂಡವಾಗಿದ್ದರು. "ಯಾರು ಹೇಳಿದ್ದು ಅಂದ್ರೆ, 'ಇದನ್ನೂ ಯಾರಾದ್ರೂ ಹೇಳ್ಬೇಕಾ' ಅಂತಾನೆ ಸಾರ್ ಈ ಮನುಷ್ಯ! ಸೊಕ್ಕು ನೋಡಿ."

"ಸೊಕ್ಕೇನು ಬಂತು? ಇದ್ದದ್ದು ಹೇಳ್ದೆ," ಎಂದು ಜಂಬಣ್ಣ ಗೊಣಗಿದ.

ಶಿವಯೋಗಪ್ಪ ಎಲ್ಲರನ್ನೂ ಅಂಗಡಿಯೊಳಗೆ ಕೂರಿಸಿದರು. "ರುದ್ರೇಶ್, ಗಣ್ಯರ ಕಾರು ನಿಧಾನ ಆಗೋ ಜಾಗ ಅಪಾಯ, ಅಲ್ವಾ?"

"ಹೌದು ಸಾರ್, ಅದಕ್ಕೇ ನಿನ್ನೆ ಹಂಪ್‌ಗಳನ್ನೆಲ್ಲ..." ರುದ್ರೇಶ್ ಬಾಯಿ ಅಲ್ಲಿಗೇ ನಿಂತಿತು.

"ಕೀಳಿಸಿದ್ರಿ. ಪುಟ್ಟಯ್ಯನ ಸೊಂಟ ಮೊದಲು ಸಾಕ್ಷಿ ಹೇಳ್ತು. ಇಳಿದು ನೋಡಿದೆ, ಹಂಪ್ ಇದ್ದ ಕಡೆಯೆಲ್ಲ ಹೊಸ ಡಾಂಬರಿನ ತೇಪೆ. ಈ ಊರಲ್ಲಿ ಹಂಪ್ ಕೀಳೋದು ದೊಡ್ಡವರು ಬಂದಾಗ ಮಾತ್ರ. ನಾಡಿದ್ದು ಬರೋರು ಯಾರು ಅಂತ ಪೇಪರ್‌ನಲ್ಲೇ ಬಂದಿದೆ. ಎರಡನ್ನೂ ಕೂಡಿಸೋಕೆ ಜಂಬಣ್ಣಂಗೆ ಗೂಢಚಾರರು ಬೇಕಾ?"

"ಅದನ್ನೇ ನಾನೂ ಹೇಳಿದ್ದು," ಎಂದ ಜಂಬಣ್ಣ.

ರುದ್ರೇಶ್ ಹಣೆಯೊರೆಸಿಕೊಂಡರು. "ದೇಶದ ಭದ್ರತೆ ಕಾಯೋದು ಕಾನೂನು ನನ್ ಮೇಲೆ ಹಾಕಿರೋ ಹೊಣೆ ಸಾರ್. ನನ್ನ ಕರ್ತವ್ಯ ಮಾಡ್ದೆ."

"ಮಾಡಿದ್ರಿ, ರೋಡ್ ರೋಲರ್ ತರಿಸಿ ಊರಿಗೆಲ್ಲ ಕೇಳೋ ಹಾಗೆ ಮಾಡಿದ್ರಿ. ಅದೇ ಹೊಣೆ ಈ ಹುಡುಗಿ ಮೇಲೂ ಇದೆ. ಇವಳು ಬಾಯಿ ಮುಚ್ಕೊಂಡು ಮಾಡಿದಾಳೆ."

ರುದ್ರೇಶ್ ಕೆಟ್ಟ ಮನುಷ್ಯರಲ್ಲ. ಟೋಪಿ ಸರಿಮಾಡಿಕೊಂಡು ಎದ್ದರು. "ತಪ್ಪು ನಂದು ಅಂತ ನಾನೇ ಮೇಲಿನವರಿಗೆ ಹೇಳ್ತೀನಿ. ದಾರಿ ಬದಲಾಯಿಸೋಣ. ಬಾಮ್ಮ ಧನಲಕ್ಷ್ಮಿ, ಹೊಸ ಆರ್ಡರ್ ಟೈಪ್ ಮಾಡ್ಬೇಕು."

ಗಣ್ಯರು ಬೇರೆ ದಾರಿಯಲ್ಲಿ ಬಂದು ಹೋದರು. ಧನಲಕ್ಷ್ಮಿಯ ಮೇಲೆ ಕೇಸು ದಾಖಲಾಗಲಿಲ್ಲ.