ಮೂರನೇ ಕ್ಲಾಸಿಗೆ ಓದುವ ದನಿ

"ಲೇಖಕರೇ ಕೂತು ಕಥೆ ಓದಿ ಹೇಳೋ ವೆಬ್‌ಸೈಟ್ ಯಾವುದಾದ್ರೂ ಇದ್ಯಾ, ಮಿಸ್?"

ಮೂರನೇ ಕ್ಲಾಸಿಗೆ ಹೊಸದಾಗಿ ಬಂದ ಮೇಷ್ಟ್ರು ಲೈಬ್ರರಿಯ ಬಾಗಿಲಲ್ಲಿ ನಿಂತು ಹೀಗೆ ಕೇಳಿದಾಗ ಅವಳು ನೆಲದ ಮೇಲೆ ಕೂತು, ಬೆನ್ನು ಕಿತ್ತುಹೋದ ಚಿತ್ರಪುಸ್ತಕವೊಂದಕ್ಕೆ ಅಂಟು ಹಚ್ಚುತ್ತಿದ್ದಳು.

"ಯಾಕೆ, ಮೇಷ್ಟ್ರಿಗೆ ಓದೋಕೆ ಬರಲ್ವಾ?" ಎಂದಳು, ತಲೆಯೆತ್ತದೆ.

"ಬರುತ್ತೆ. ಒಂದೊಂದೇ ಅಕ್ಷರ ಕೂಡಿಸಿ ಕೂಡಿಸಿ ಓದ್ತೀನಿ."

ಆಗ ತಲೆಯೆತ್ತಿದಳು. ಕಂಕುಳಲ್ಲಿ ಹಾಜರಿ ಪುಸ್ತಕ, ಕೈಯಲ್ಲೊಂದು ಬಿಸಿನೀರಿನ ಫ್ಲಾಸ್ಕು, ಕನ್ನಡಕದ ಹಿಂದೆ ನಗು ತಡೆದುಕೊಂಡ ಕಣ್ಣುಗಳು. ನಲವತ್ತು ದಾಟಿದ ಮೇಲೂ ಒಂದು ಸಣ್ಣ ತಮಾಷೆಗೆ ತನ್ನ ಕೆನ್ನೆ ಬಿಸಿಯಾಗಬಹುದೆಂದು ಅವಳು ಎಣಿಸಿರಲಿಲ್ಲ. ಅಂಟಿನ ಬೆರಳನ್ನು ಒರೆಸಿಕೊಂಡು ಎದ್ದಳು.

ಮಕ್ಕಳು ಅವಳನ್ನು ಪುಸ್ತಕದ ಮಿಸ್ ಎನ್ನುತ್ತಿದ್ದರು. ಶಾಲೆಯ ಕಂಪ್ಯೂಟರಿನಲ್ಲಿ ಅವಳದೇ ಒಂದು ಪುಟವಿತ್ತು. ಮಕ್ಕಳಿಗಾಗಿ ಬರೆಯುವವರ ವೆಬ್‌ಸೈಟುಗಳನ್ನು ಹುಡುಕಿ, ಒಂದೊಂದನ್ನೂ ಕೊನೆಯವರೆಗೆ ನೋಡಿ, ಯಾವುದು ಯಾವ ಕ್ಲಾಸಿಗೆ ಆದೀತು ಎಂದು ಬರೆದಿಟ್ಟಿದ್ದಳು. ಲೇಖಕರು ತಮ್ಮ ಬಗ್ಗೆ ಹೇಳಿಕೊಂಡದ್ದು ಮಕ್ಕಳಿಗೆ ಅರ್ಥವಾಗುತ್ತದೆಯೇ, ಅಚ್ಚು ಹಾಕಿ ಹಂಚಲು ಬಣ್ಣ ತುಂಬುವ ಚಿತ್ರಗಳಿವೆಯೇ, ಮಕ್ಕಳು ಪ್ರಶ್ನೆ ಕಳಿಸಿದರೆ ಯಾರಾದರೂ ಉತ್ತರಿಸುತ್ತಾರೆಯೇ, ಇವು ಅವಳ ಪರೀಕ್ಷೆಗಳು. "ತೆರೆದ ತಕ್ಷಣ 'ಕೊಳ್ಳಿ' ಅಂತ ಕಂಡ್ರೆ ಅದು ಅಂಗಡಿ. ಅದನ್ನ ನಾನು ಸೇರಿಸಲ್ಲ" ಎಂದಳು ಮೇಷ್ಟ್ರಿಗೆ ಕುರ್ಚಿ ಎಳೆದುಕೊಡುತ್ತ.

"ಬಹಳ ಕಟ್ಟುನಿಟ್ಟು."

"ಮೇಷ್ಟ್ರುಗಳ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು."

ಓದಿ ಹೇಳುವ ಲೇಖಕರು ಕೆಲವರು ಸಿಕ್ಕರು. ಒಬ್ಬ ಅಜ್ಜಿ ಹಿತ್ತಲಲ್ಲಿ ಕೂತು ತಾನೇ ಬರೆದ ಆಮೆಯ ಕಥೆ ಓದುತ್ತಿದ್ದಳು. ಮಧ್ಯದಲ್ಲಿ ನಾಯಿ ಬೊಗಳಿತು. "ಸುಮ್ನಿರೋ, ಕೊನೆ ನಿಂಗೂ ಗೊತ್ತಿಲ್ಲ" ಎಂದು ಅಜ್ಜಿ ಗದರಿದ್ದೂ ಅದರಲ್ಲಿ ಸೇರಿಹೋಗಿತ್ತು. ಇಬ್ಬರೂ ಒಟ್ಟಿಗೆ ನಕ್ಕರು. ನಗು ಮುಗಿದ ಮೇಲೂ ಮೇಷ್ಟ್ರು ಪರದೆಯ ಬದಲು ಅವಳನ್ನೇ ನೋಡುತ್ತಿದ್ದರು. ಅವಳು ಸುಮ್ಮಸುಮ್ಮನೆ ಮೌಸನ್ನು ಅತ್ತಿತ್ತ ಸರಿಸಿದಳು.

ಅಂದಿನಿಂದ ಕೊನೆಯ ಗಂಟೆ ಹೊಡೆದು ಮಕ್ಕಳು ಚೆದುರಿದ ಮೇಲೆ ಮೇಷ್ಟ್ರು ಲೈಬ್ರರಿಗೆ ಬರುವುದು ರೂಢಿಯಾಯಿತು. ನಾಳೆಯ ಕಥೆಗೆ ಒಂದು ವೆಬ್‌ಸೈಟ್ ಆರಿಸುವುದು ನೆಪ. ಅದು ಬೇಗನೆ ಮುಗಿಯುತ್ತಿತ್ತು. ಆಮೇಲೆ ಅವರು ಅವಳ ಮೇಜಿನ ಮೊಂಡು ಪೆನ್ಸಿಲುಗಳನ್ನು ಒಂದೊಂದಾಗಿ ಹೆರೆಯುತ್ತ ಅಂದಿನ ಕ್ಲಾಸಿನ ಕಥೆ ಹೇಳುತ್ತಿದ್ದರು. ಹಲ್ಲು ಬಿದ್ದವಳು ಅದನ್ನು ಲೆಕ್ಕದ ಪುಸ್ತಕದಲ್ಲಿ ಬಚ್ಚಿಟ್ಟದ್ದು, ಜಗಳವಾಡಿದ ಇಬ್ಬರು ಒಂದೇ ಕೊಡೆಯಲ್ಲಿ ಮಾತುಬಿಟ್ಟುಕೊಂಡೇ ಮನೆಗೆ ಹೋದದ್ದು.

"ಆಮೇಲೆ?" ಎನ್ನುವಳು ಅವಳು.

"ಆಮೇಲೇನು, ಮುಗೀತು."

"ಸುಳ್ಳು. ಇನ್ನೂ ಇದೆ. ಹೇಳಿ."

ಅವರು ಒಂದು ಗುಟುಕು ಬಿಸಿನೀರು ಕುಡಿದು ಮುಂದುವರಿಸುವರು. ಆ ದನಿಯಲ್ಲಿ ಸಣ್ಣದೊಂದು ಒರಟಿತ್ತು, ದಪ್ಪ ಕಾಗದದ ಮೇಲೆ ಪೆನ್ಸಿಲು ಎಳೆದ ಹಾಗೆ. ಸಂಜೆಯಾದಂತೆ ಅದು ಹೆಚ್ಚುತ್ತಿತ್ತು. ಮನೆಗೆ ಹೋಗುವಾಗ ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆಯಾನಿಸಿ ಆ ಒರಟನ್ನೇ ನೆನೆಯುತ್ತ ಇಳಿಯುವ ಸ್ಟಾಪು ದಾಟಿದ್ದೂ ಉಂಟು.

ಅವಳಿಗೆ ಒಂದೇ ಒಂದು ಬೇಸರವಿತ್ತು. ಇಷ್ಟು ಚೆನ್ನಾಗಿ ಕಥೆ ಹೇಳುವ ಮನುಷ್ಯ ಮಕ್ಕಳಿಗೆ ತಾನೇ ಓದಿ ಹೇಳುವುದಿಲ್ಲ. ಅವಳು ಕಾರಿಡಾರಿನಲ್ಲಿ ಹಾದುಹೋದಾಗಲೆಲ್ಲ ಪರದೆಯ ಮೇಲೆ ಯಾವನೋ ಲೇಖಕ ಓದುತ್ತಿರುತ್ತಾನೆ. ಮೇಷ್ಟ್ರು ಹಿಂದಿನ ಬೆಂಚಿನಲ್ಲಿ ಮಕ್ಕಳ ನಡುವೆ ಫ್ಲಾಸ್ಕು ಹಿಡಿದು ಕೂತಿರುತ್ತಾರೆ. ಆ ಪುಟವನ್ನು ಅವಳು ಕಟ್ಟಿದ್ದು ಮೇಷ್ಟ್ರ ಓದಿಗೆ ಜೊತೆಯಾಗಲಿ ಎಂದು. ಇವರು ತಮ್ಮ ಕೆಲಸವನ್ನೇ ಅದರ ಹೆಗಲಿಗೆ ದಾಟಿಸಿದಂತೆ ಅವಳಿಗೆ ಕಾಣುತ್ತಿತ್ತು.

ಕೇಳಬಹುದಿತ್ತು. ಸಂಜೆಯ ಮಾತು ಕೆಟ್ಟೀತೆಂದು ಕೇಳಲಿಲ್ಲ.

ಆ ತಿಂಗಳ ಸ್ಟಾಫ್ ಮೀಟಿಂಗಿನಲ್ಲಿ ಹೆಡ್ ಮಿಸ್, "ನಿಮ್ಮ ಲೇಖಕರ ಪುಟ ಯಾರಿಗಾದ್ರೂ ಉಪಯೋಗ ಆಗ್ತಿದ್ಯಾ?" ಎಂದು ಕೇಳಿದರು.

ಅವಳು ಎದುರಿಗೆ ಕೂತಿದ್ದ ಮೇಷ್ಟ್ರನ್ನು ನೋಡಿದಳು. ಅವರು ಹುಬ್ಬು ಹಾರಿಸಿದರು. ಆ ಹುಬ್ಬಿಗೆ ಸಂಜೆಯ ಸಲುಗೆಯಲ್ಲೇ ಉತ್ತರ ಕೊಟ್ಟುಬಿಟ್ಟಳು. "ಆಗದೇ ಏನು ಮಿಸ್? ಮೂರನೇ ಕ್ಲಾಸಿಗಂತೂ ಮೇಷ್ಟ್ರೇ ಬೇಕಾಗಿಲ್ಲ. ಲೇಖಕರು ಓದ್ತಾರೆ, ಇವರು ಬಿಸಿನೀರು ಕುಡೀತಾರೆ. ಲೈಬ್ರರಿಲಿ ಆಡೋ ಮಾತಲ್ಲಿ ಅರ್ಧ ಕ್ಲಾಸಲ್ಲಿ ಆಡಿದ್ರೆ ಸಾಕಿತ್ತು!"

ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ಹೆಡ್ ಮಿಸ್ ಮಾತ್ರ ನಗಲಿಲ್ಲ.

"ಇನ್ನು ಮೇಲೆ ವೆಬ್‌ಸೈಟು ಏನಿದ್ರೂ ಲೈಬ್ರರಿ ಪೀರಿಯಡ್ಡಿಗೆ" ಎಂದರು. "ಕ್ಲಾಸಲ್ಲಿ ಮೇಷ್ಟ್ರೇ ಗಟ್ಟಿಯಾಗಿ ಓದ್ಬೇಕು. ಏನಾದ್ರೂ ತೊಂದರೆ ಇದ್ಯಾ?"

ಮೇಷ್ಟ್ರು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದರು. ಅವರ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. "ಇಲ್ಲ ಮಿಸ್" ಎಂದರು.

ಆ ಸಂಜೆ ಅವರು ಲೈಬ್ರರಿಗೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಮುನಿಸು, ಇಳಿದೀತು ಎಂದುಕೊಂಡಳು. ಅವರ ಕುರ್ಚಿಯ ದಿಂಬನ್ನು ಕೊಡವಿ ಇಟ್ಟಳು. ಹೆರೆಯುವವರಿಲ್ಲದೆ ಪೆನ್ಸಿಲುಗಳು ಮೊಂಡಾದವು. ತನಗೂ ಬಿಗುಮಾನ ಬಂತು. 'ತಮಾಷೆ ತಡೆಯಲಾರದವರು ತಮಾಷೆ ಮಾಡಬಾರದು' ಎಂದು ಮನಸ್ಸಿನಲ್ಲೇ ಜಗಳವಾಡಿಕೊಂಡಳು.

ಕೆಲವು ದಿನಗಳಾದ ಮೇಲೆ ಮೂರನೇ ಕ್ಲಾಸಿನ ಮುಂದೆ ಹಾದಾಗ ಕೋಣೆ ಅಸಹಜವೆನ್ನುವಷ್ಟು ನಿಶ್ಶಬ್ದವಾಗಿತ್ತು. ಇಣುಕಿದಳು. ಮಕ್ಕಳೆಲ್ಲ ಬೆಂಚು ಬಿಟ್ಟು ಮೇಷ್ಟ್ರ ಕಾಲ ಬಳಿ ಒತ್ತಾಗಿ ಕೂತಿದ್ದರು. ಅವರು ಪುಸ್ತಕ ಹಿಡಿದು ಓದುತ್ತಿದ್ದರು. ತುಟಿ ಅಲುಗುತ್ತಿತ್ತು, ಕತ್ತಿನ ನರ ಉಬ್ಬುತ್ತಿತ್ತು, ಹೊರಗೆ ಬರುತ್ತಿದ್ದದ್ದು ಉಸಿರು ಮಾತ್ರ. ಬಾಗಿಲ ಬಳಿ ಕೂತಿದ್ದ ಹುಡುಗಿ ಅವಳ ಸೆರಗು ಜಗ್ಗಿ, "ಗಲಾಟೆ ಮಾಡ್ಬೇಡಿ ಮಿಸ್, ಮೇಷ್ಟ್ರ ದನಿ ಒಳಗೆ ಹೋಗ್ಬಿಟ್ಟಿದೆ" ಎಂದು ಪಿಸುಗುಟ್ಟಿದಳು.

ಮರುದಿನ ಮೇಷ್ಟ್ರು ರಜೆ ಹಾಕಿದ್ದರು.

ವಾರದ ಕೊನೆಯಲ್ಲಿ ಅವಳು ಅವರ ಮನೆ ಹುಡುಕಿಕೊಂಡು ಹೋದಳು. ಬಾಗಿಲು ತೆರೆದವರು ಅವರ ಅಕ್ಕ. ತಮ್ಮನ ಜೊತೆಗೇ ಇರುವವರು. ಒಳಗೆ ಕಿಟಕಿಯ ಪಕ್ಕ ಕೂತಿದ್ದ ಮೇಷ್ಟ್ರು ದಡಬಡಿಸಿ ಎದ್ದು, ಎದುರಿನ ಕುರ್ಚಿಯ ಮೇಲಿದ್ದ ಮಡಿಸದ ಬಟ್ಟೆಗಳನ್ನು ಬಾಚಿಕೊಂಡು ಕೈ ತೋರಿಸಿದರು.

"ಕೂತ್ಕೊಳ್ಳಿ ಅಂತಿದ್ದಾನೆ" ಎಂದರು ಅಕ್ಕ. "ಡಾಕ್ಟ್ರು ಮಾತೇ ಆಡ್ಬಾರ್ದು ಅಂದಿದ್ದಾರೆ. ನಾನೇ ಈಗ ಇವನ ಬಾಯಿ."

ಮೇಷ್ಟ್ರು ಗಂಟಲು ಮುಟ್ಟಿಕೊಂಡು ಕೈಯಾಡಿಸಿದರು.

"ಏನೂ ಆಗಿಲ್ಲ, ಚೆನ್ನಾಗಿದ್ದೀನಿ ಅಂತಿದ್ದಾನೆ. ಸುಳ್ಳು. ಸುಳ್ಳು ಅಂತ ಹೇಳ್ತಿರೋದು ನಾನು. ಮುಂದಿನ ವಾರ ಆಪರೇಷನ್ನು."

ಅವಳಿಗೆ ಕೂರಲಾಗಲಿಲ್ಲ. ನಿಂತೇ ಹೇಳಿದಳು. "ಮೀಟಿಂಗಲ್ಲಿ ನಾನು ಹಾಗೆ ಅನ್ಬಾರ್ದಿತ್ತು. ನಂಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೇನೇ ಹಾಗಂದೆ, ಅದೇ ದೊಡ್ಡ ತಪ್ಪು."

ಮೇಷ್ಟ್ರು ತಲೆಯಾಡಿಸಿ ತಮ್ಮ ಎದೆ ಮುಟ್ಟಿಕೊಂಡರು.

"ತಪ್ಪು ತನ್ನದಂತೆ" ಎಂದರು ಅಕ್ಕ ಬಟ್ಟೆ ಮಡಿಸುತ್ತ. "ಅದು ಮಾತ್ರ ನಿಜ. ಈ ಕೆಲಸಕ್ಕೆ ಸೇರೋ ಮುಂಚೆನೇ ಡಾಕ್ಟ್ರು ಹೇಳಿದ್ರು, ಮಾತು ಕಮ್ಮಿ ಮಾಡಿ, ಇಲ್ಲಾಂದ್ರೆ ಪಾಠ ಬಿಡಿ ಅಂತ. ಪಾಠ ಬಿಡೋ ಮನಸ್ಸಿಲ್ಲ. ಅದಕ್ಕೇ ಆ ಕಂಪ್ಯೂಟರ್ ಕಥೆ ಹಿಡ್ಕೊಂಡ. ಮನೇಲಂತೂ ಬಾಯಿಗೆ ಬೀಗ. ಉಪ್ಪು ಸರಿಯಾಗಿದ್ಯೇನೋ ಅಂದ್ರೆ ತಲೆ ಆಡಿಸೋದು. ಏನಾಗಿದ್ಯೋ ನಿಂಗೆ, ಇರೋ ಮಾತನ್ನೆಲ್ಲ ಯಾರಿಗೋಸ್ಕರ ಎತ್ತಿಡ್ತಿದ್ದೀಯೋ ಅಂತ ನಾನೇ ಎಷ್ಟು ಸಲ…"

ಅಕ್ಕನ ಕೈ ನಿಂತಿತು. ಅವಳನ್ನು ನೋಡಿದರು, ತಮ್ಮನನ್ನು ನೋಡಿದರು. "ದಿನಾ ಸಂಜೆ ತಡ ಆಗ್ತಿತ್ತಲ್ಲ… ಲೈಬ್ರರಿಲಿ ಇದ್ದನಾ?"

ಮೇಷ್ಟ್ರು ಕಿಟಕಿಯ ಕಡೆ ಮುಖ ತಿರುಗಿಸಿದರು. ಅದರ ಅರ್ಥವನ್ನು ಅಕ್ಕ ಹೇಳಲಿಲ್ಲ. ಮಡಿಸಿದ ಬಟ್ಟೆಗಳನ್ನೆತ್ತಿಕೊಂಡು ಮೆಲ್ಲಗೆ ಒಳಗೆ ಹೋದರು.

'ಸುಳ್ಳು. ಇನ್ನೂ ಇದೆ. ಹೇಳಿ.' ತಾನು ಎಷ್ಟು ಸಂಜೆ ಹೀಗೆಂದು ಅವರಿಂದ ಮಾತು ಹೊರಡಿಸಿದ್ದಳೋ! ಕ್ಲಾಸಿನಲ್ಲಿ ಉಳಿಸಿಕೊಂಡದ್ದನ್ನೆಲ್ಲ ತಂದು ಆ ಮೊಂಡು ಪೆನ್ಸಿಲುಗಳ ಎದುರು ಖರ್ಚು ಮಾಡಿದ್ದರು. ತಾನು ಆಸೆಪಟ್ಟ ದನಿಯ ಆ ಒರಟು, ಗಂಟಲಿನ ಗಾಯವಾಗಿತ್ತು.

ಬಸ್ ಸ್ಟಾಪಿನವರೆಗೂ ಮೇಷ್ಟ್ರು ಜೊತೆಗೆ ಬಂದರು.

ಆಪರೇಷನ್ನು ಆಯಿತು. ಗಂಟಲು ಉಳಿಯಿತು, ಕ್ಲಾಸು ಉಳಿಯಲಿಲ್ಲ. ದಿನವಿಡೀ ಮಾತಾಡುವ ಕೆಲಸ ಇನ್ನು ಸಾಧ್ಯವಿಲ್ಲವೆಂದು ಡಾಕ್ಟರು ಖಂಡಿತವಾಗಿ ಹೇಳಿದರು. ಬೇರೊಂದು ಊರಿನ ಶಿಕ್ಷಣ ಕಚೇರಿಯಲ್ಲಿ ಅವರಿಗೆ ಕೆಲಸ ಸಿಕ್ಕಿತು. ಮಕ್ಕಳ ಲೇಖಕರ ವೆಬ್‌ಸೈಟುಗಳನ್ನು ನೋಡಿ, ಮೇಷ್ಟ್ರುಗಳಿಗೂ ಶಾಲೆಯ ಲೈಬ್ರರಿಗಳಿಗೂ ಟಿಪ್ಪಣಿ ಬರೆದುಕೊಡುವುದು. ಬಾಯಿ ತೆರೆಯಬೇಕಿಲ್ಲದ ಕೆಲಸ.

ಹೊರಡುವ ಮುನ್ನ ಒಂದು ಸಂಜೆ ಲೈಬ್ರರಿಗೆ ಬಂದರು.

"ನಿಮ್ಮ ಕೆಲಸಾನೇ ಕದ್ಕೊಂಡು ಹೋಗ್ತಿದ್ದೀನಿ" ಎಂದರು. ದನಿ ತೆಳ್ಳಗಿತ್ತು, ಗಾಳಿ ಬೆರೆತಿತ್ತು. ಬೇರೆ ಯಾರೋ ಅವರ ಮಾತನ್ನು ಆಡಿದ ಹಾಗಿತ್ತು.

"ಅಂಗಡಿಗಳನ್ನ ಸೇರಿಸ್ಬೇಡಿ" ಎಂದಳು.

"ಇಲ್ಲ."

ಆಮೇಲೆ ಅವಳು ತಡೆಯಲಾರದೆ ಹೇಳಿದಳು. "ನಾನೂ ಬರ್ತೀನಿ. ಇಲ್ಲಾಂದ್ರೆ ನೀವೇ ಇಲ್ಲಿರಿ. ಹೇಗಾದ್ರೂ ಸರಿ, ಇಬ್ಬರೂ ಒಟ್ಟಿಗಿರೋಣ. ಇದನ್ನ ಹೇಳೋಕೆ ನಂಗೆ ನಾಚಿಕೆ ಇಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಅದು ಸ್ವಚ್ಛವಾದ ಮೇಲೂ ಒರೆಸುತ್ತಲೇ ಇದ್ದರು.

"ಈ ಮಾತು ಕೇಳ್ಬೇಕು ಅಂತ ಎಷ್ಟು ಆಸೆಯಿತ್ತು" ಎಂದರು. "ಆದ್ರೆ ಈಗ… ತಪ್ಪಾಯ್ತು ಅಂತ ಸಂಕಟಪಟ್ಟು ಹೇಳ್ತಿದ್ದೀರೋ, ಇಷ್ಟಪಟ್ಟು ಹೇಳ್ತಿದ್ದೀರೋ, ನಂಗೆ ಗೊತ್ತಾಗ್ತಿಲ್ಲ. ನಿಮಗೆ ಗೊತ್ತಾಗುತ್ತಾ?"

ಹೌದು ಎನ್ನಲು ಬಾಯಿ ತೆರೆದಳು. ಅವರ ಹೊಸ ದನಿ ಕಿವಿಯಲ್ಲಿ ಇನ್ನೂ ಇತ್ತು. ಅದನ್ನು ಕೇಳುತ್ತ, ಎದೆಯಲ್ಲಿ ಉರಿಯುತ್ತಿರುವುದು ಯಾವುದೆಂದು ಅವಳಿಗೇ ತಿಳಿಯಲಿಲ್ಲ. ಈ ಮನುಷ್ಯನಿಗೆ ಇನ್ನೊಂದು ಯೋಚಿಸದ ಮಾತು ಆಡಬಾರದೆಂದು ಸುಮ್ಮನಾದಳು.

"ಪರವಾಗಿಲ್ಲ" ಎಂದರು ಮೇಷ್ಟ್ರು, ಬಹಳ ಮೃದುವಾಗಿ. ಬಾಗಿಲ ಬಳಿ ಮಕ್ಕಳ ಸಣ್ಣ ಕುರ್ಚಿಯೊಂದು ಮಗುಚಿಬಿದ್ದಿತ್ತು. ಬಗ್ಗಿ ಅದನ್ನು ಎತ್ತಿ ನಿಲ್ಲಿಸಿ ಹೋದರು.

ಎರಡು ದಿನ ಕಳೆದ ಮೇಲೆ ಅವಳು ಮೂರನೇ ಕ್ಲಾಸಿಗೆಂದು ಹೊಸದೊಂದು ವೆಬ್‌ಸೈಟ್ ನೋಡುತ್ತಿದ್ದಳು. ದಪ್ಪ ಮೀಸೆಯ ಲೇಖಕನೊಬ್ಬ ಬಾತುಕೋಳಿಯ ಹೆಜ್ಜೆ ಹೇಗಿರುತ್ತದೆಂದು ನಡೆದು ತೋರಿಸಲು ಹೋಗಿ, ಸೊಂಟ ಹಿಡಿದುಕೊಂಡು, ಹಾಗೆಯೇ ಕುಕ್ಕರಗಾಲಲ್ಲಿ ಸಹಾಯಕ್ಕೆ ಹೆಂಡತಿಯನ್ನು ಕೂಗುತ್ತಿದ್ದ. ಅವಳು ಗಟ್ಟಿಯಾಗಿ ನಕ್ಕಳು. ನಗುತ್ತಲೇ ಪಕ್ಕಕ್ಕೆ ತಿರುಗಿ, "ನೋಡಿದ್ರಾ?" ಎಂದಳು.

ಪಕ್ಕದಲ್ಲಿ ದಿಂಬಿನ ಕುರ್ಚಿ ಮಾತ್ರ ಇತ್ತು.

ತಿರುಗಿದಾಗ ಅವಳ ಮನಸ್ಸಿನಲ್ಲಿ ಮೀಟಿಂಗು ಇರಲಿಲ್ಲ, ಆಪರೇಷನ್ನು ಇರಲಿಲ್ಲ, ಯಾರ ಕ್ಷಮೆಯೂ ಬೇಕಿರಲಿಲ್ಲ. ಒಂದು ನಗುವಿನ ಅರ್ಧವನ್ನು ಕೊಡಲು ಅವರು ಬೇಕಿದ್ದರು, ಅಷ್ಟೇ. ಪರದೆಯ ಲೇಖಕ ಕೂಗುತ್ತಲೇ ಇದ್ದ. ಅವಳು ಕಣ್ಣೊರೆಸಿಕೊಂಡು ಫೋನ್ ಮಾಡಿದಳು.

ಎತ್ತಿದವರು ಅಕ್ಕ. "ಇಲ್ಲೇ ಇದ್ದಾನಮ್ಮ, ಹೊಸ ಮನೇಲಿ ಡಬ್ಬಗಳನ್ನ ಜೋಡಿಸ್ತಾ. ಫೋನಲ್ಲಿ ಮಾತಾಡ್ಬಾರ್ದು ಅಂದಿದ್ದಾರೆ. ಏನು ಹೇಳ್ಲಿ?"

"ಗೊತ್ತಾಗುತ್ತೆ ಅಂತ ಹೇಳಿ ಅಕ್ಕಾ."

"ಏನು ಗೊತ್ತಾಗುತ್ತೆ?"

"ಅವರು ಕೇಳಿದ್ರು, ನಿಮಗೆ ಗೊತ್ತಾಗುತ್ತಾ ಅಂತ. ಆವತ್ತು ಹೇಳೋಕಾಗಲಿಲ್ಲ. ಎದುರಿಗೇ ಇದ್ರು, ಆಗಲೇ ಹೇಳ್ಬೇಕಿತ್ತು. ಈಗ ಗೊತ್ತಾಯ್ತು. ಇಷ್ಟಪಟ್ಟೇ ಹೇಳಿದ್ದು."

ಅಕ್ಕ ಫೋನನ್ನು ದೂರ ಹಿಡಿದು ಆ ಮಾತನ್ನು ಹಾಗೆಯೇ ಒಪ್ಪಿಸಿದ್ದು ಅವಳಿಗೆ ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ.

"ಅಕ್ಕಾ? ಏನಂತಾರೆ?"

"ಡಬ್ಬ ಹಿಡ್ಕೊಂಡು ನಿಂತಿದ್ದಾನೆ. ಗೋಡೆ ಕಡೆ ತಿರುಗಿಬಿಟ್ಟ. ನಗ್ತಿದ್ದಾನೋ ಅಳ್ತಿದ್ದಾನೋ ಬೆನ್ನು ನೋಡಿದ್ರೆ ಹೇಗೆ ಗೊತ್ತಾಗ್ಬೇಕು… ಇರು, ಬಂದ. ಫೋನು ಕೊಡು ಅಂತಿದ್ದಾನೆ. ಬೇಡ್ವೋ, ಡಾಕ್ಟ್ರು…"

"ಕೊಡ್ಬೇಡಿ ಅಕ್ಕಾ!" ಎಂದಳು ಅವಳು ಗಾಬರಿಯಿಂದ. "ಈಗ ಏನೂ ಆಡೋದು ಬೇಡ ಅನ್ನಿ. ನಾನೇ ಬರ್ತೀನಿ. ಭಾನುವಾರ ಬರ್ತೀನಿ."